ನದಿಯಾಚೆಯ ತವೆಗೆ ಕೊರೆದ ಚೇಂಬರು

ಬಂದೂಕಿನ ಕೆಲಸ ಕಲಿಯಲು ಬರುವ ಹುಡುಗರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ ಥರ ಇರುತ್ತವೆ. ದೂರದ ಗುರಿಗೆ ಎಂಥ ಗುಂಡು ಒಳ್ಳೆಯದು, ಚೇಂಬರು ಎಷ್ಟು ಬಿಗಿಯಾಗಿರಬೇಕು, ಗುಂಡಿಗೂ ನಳಿಗೆಯ ಒಳಗೆರೆಗಳಿಗೂ ನಡುವೆ ಎಷ್ಟು ಸಂದು ಬಿಡಬೇಕು. ಇದಕ್ಕೆಲ್ಲ ಈಗ ಅಳತೆಯ ಸಾಧನಗಳಿವೆ. ನಾನು ಆಳಂದದಲ್ಲಿ ಕೆಲಸಕ್ಕಿದ್ದಾಗ ನಮ್ಮ ಬಳಿ ಇದ್ದದ್ದು ಗಂಧಕ, ದೀಪದ ಮಸಿ ಮತ್ತು ಉಸ್ತಾದ್ ಇಮಾಮಸಾಬರ ಬೆರಳುಗಳು.

ಚೇಂಬರು ಎಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ. ಅದು ಸಡಿಲವಾದರೆ ದೊಡ್ಡ ಚಪ್ಪಲಿಯೊಳಗಿನ ಕಾಲಿನಂತೆ ತೋಟಾ ಒಳಗೆ ಹೊರಳಾಡುತ್ತದೆ, ಗುಂಡು ಹೊರಡುವಾಗಲೇ ಸೊಟ್ಟ ಹೊರಡುತ್ತದೆ. ಹತ್ತಿರದ ಹಂದಿಗೆ ಅದು ಗೊತ್ತಾಗುವುದಿಲ್ಲ, ದೂರದ ಗುರಿಗೆ ಗೊತ್ತಾಗುತ್ತದೆ. ತೀರಾ ಬಿಗಿಯಾದರೆ ಒಂದು ಕಣ ಮರಳು ಬಿದ್ದರೂ ತೋಟಾದ ಹಿಂದಿನ ಅಗುಳಿಯಾದ ಬೋಲ್ಟು ಮುಚ್ಚುವುದಿಲ್ಲ. ಒಳಗಿನ ಆಕಾರ ತಿಳಿಯಲು ನಾವು ಗಂಧಕ ಕರಗಿಸಿ ಹೊಯ್ದು, ಆರಿದ ಮೇಲೆ ಹಳದಿ ಅಚ್ಚನ್ನು ಹೊರಕ್ಕೆ ತಳ್ಳಿ ಅಳೆಯುತ್ತಿದ್ದೆವು. ಗುಂಡು ಎಲ್ಲಿ ಗೆರೆಗೆ ತಾಗುತ್ತದೆ ಎಂದು ನೋಡಲು ಅದನ್ನು ದೀಪದ ಹೊಗೆಗೆ ಹಿಡಿದು ಕಪ್ಪು ಮಾಡಿ ಒಳಗೆ ಕೂರಿಸಿ ತೆಗೆಯುತ್ತಿದ್ದೆವು. ಮಸಿ ಒರೆಸಿಹೋದ ಕಡೆ ತಾಗಿದೆ ಎಂದು ಅರ್ಥ.

ಜೇವರ್ಗಿ ಕಡೆಯ ಕೊಳಕೂರದಿಂದ ಒಬ್ಬ ಜಮೀನ್ದಾರರು ಒಮ್ಮೆ ಕೆನ್ನೆಯ ತುಂಬ ಮಸಿ ಮಾಡಿಕೊಂಡು ಬಂದಿದ್ದರು. ಯಾರೋ ಅವರ ಬಂದೂಕಿನ ಚೇಂಬರನ್ನು ಅಗಲ ಮಾಡಿಕೊಟ್ಟಿದ್ದ, ಮಳೆಗಾಲದಲ್ಲಿ ಉಬ್ಬಿದ ತೋಟಾ ಸಹ ಹೋಗಲಿ ಎಂದು. ಎಲ್ಲ ತೋಟಾಗಳೂ ಹೋಗುತ್ತಿದ್ದವು. ಒಂದು ಒಳಗೇ ಸೀಳಿ ಹೊಗೆ ಮುಖಕ್ಕೆ ಹೊಡೆದಿತ್ತು. ಉಸ್ತಾದರು ನಗಲಿಲ್ಲ. "ಸಾಹೇಬ್ರೇ, ನಿಮ್ಮ ಕಣ್ಣ ಉಳದದ, ಅಷ್ಟ ಸಾಕು" ಎಂದು ಹೇಳಿ ಕೂರಿಸಿ ಮುಖ ತೊಳೆಯಲು ನೀರು ಕೊಟ್ಟರು. ಅವರು ಹೋದ ಮೇಲೆ ಉಸ್ತಾದರು ನನಗೆ ಹೇಳಿದರು: "ಮೋನಪ್ಪ, ಅಳತಿ ಹಿಡಿಯೋಕಿಂತ ಮೊದ್ಲು ಮನುಷ್ಯಾಗ ಕೇಳು. ಇದ್ರಿಂದ ಏನ್ ಹೊಡೀತಿ ಅಂತ ಕೇಳು. ಅದನ್ನ ಕೇಳದ ಕೊರದ್ರ ಹಿಂಗ ಆಗ್ತದ."

ಆ ಮಾತು ಎಷ್ಟು ಭಾರದ್ದು ಎಂದು ನನಗೆ ತಿಳಿದದ್ದು ನಲವತ್ತೆಂಟರ ಬೇಸಿಗೆಯಲ್ಲಿ, ಸಿದ್ರಾಮಗೌಡರ ಬಂದೂಕಿನ ಕೆಲಸದಲ್ಲಿ.

ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮ್ಮ ಕಡೆ ಇನ್ನೂ ನಿಜಾಮನ ಆಳ್ವಿಕೆ. ಅಫಜಲಪುರದ ಆಚೆ ಭೀಮೆಯೇ ಗಡಿ. ಈಚೆ ದಂಡೆ ನಮ್ಮದು, ಆಚೆ ದಂಡೆ ಮುಂಬಯಿ ಪ್ರಾಂತ. ಗಲಭೆಗೆ ಹೆದರಿದ ಜನ ಗಂಟುಮೂಟೆ ಕಟ್ಟಿಕೊಂಡು ಹೊಳೆ ದಾಟಿ ಹೋಗಿದ್ದರು. ಎಷ್ಟೋ ಹಳ್ಳಿಗಳಲ್ಲಿ ಬಾಗಿಲಿಗೆ ಬೀಗ, ಅಂಗಳದಲ್ಲಿ ನಾಯಿ ಮಾತ್ರ. ನಮ್ಮ ಅಂಗಡಿಗೆ ಬಂದೂಕು ಬರುವುದು ನಿಂತೇಹೋಗಿತ್ತು. ಇದ್ದವರು ಬಚ್ಚಿಟ್ಟಿದ್ದರು, ಉಳಿದವನ್ನು ಅಮಲದಾರರು ಒಯ್ದಿದ್ದರು. ಅಂಥ ಹೊತ್ತಿನಲ್ಲಿ ಘತ್ತರಗಿಯ ಹತ್ತಿರದ ಒಂದು ಹೊಳೆದಂಡೆಯ ಊರಿನಿಂದ ಗೌಡರು ಆಳನ್ನು ಕಳಿಸಿದರು. ಅವರಿಗೆ ಪರವಾನಗಿ ಇದ್ದ ರೈಫಲ್ಲಿತ್ತು, ಗುರಿ ಚದುರುತ್ತಿದೆ, ಬಂದು ನೋಡಬೇಕಂತೆ. ಉಸ್ತಾದರಿಗೆ ಮೊಣಕಾಲು ಬಾತಿತ್ತು. ನನ್ನನ್ನು ಕಳಿಸಿದರು. ನನಗಾಗ ಮದುವೆಯಾಗಿ ಒಂದು ಮಗುವಿತ್ತು. ಹೆಂಡತಿ ಬೇಡವೆಂದಳು, ನಾನು ಹೋದೆ.

ಗೌಡರು ಎತ್ತರದ ಆಳು, ಸಣ್ಣ ದನಿ. ಅವರು ಇದ್ದ ವಾಡೆಯ ಹಿಂದೆ ಹೊಳೆಯ ಕಡೆಗೆ ಒಂದು ದಿಬ್ಬ. ಅದರ ಮೇಲೆ ಶಹಾಬಾದಿನ ಕಲ್ಲುಚಪ್ಪಡಿಯ ಮೇಜು, ಅದಕ್ಕೆ ಸೇರಿದಂತೆ ಇಬ್ಬರು ಕೂರುವಷ್ಟು ಉದ್ದದ ಕಲ್ಲುಕಟ್ಟೆ. ಮೇಜಿನ ಮೇಲೆ ಮರಳು ತುಂಬಿದ ಚೀಲ. ಬಂದೂಕನ್ನು ಚೀಲದ ಮೇಲಿಟ್ಟರೆ ಕೈ ನಡುಗಿದರೂ ಅದು ನಡುಗುವುದಿಲ್ಲ. ಆಚೆ ದಂಡೆಯಲ್ಲಿ ಒಂಟಿ ಬೇವಿನ ಮರ. ಅದರ ಟೊಂಗೆಗೆ ಸರಪಳಿ ಕಟ್ಟಿ ರೊಟ್ಟಿ ಸುಡುವ ದೊಡ್ಡ ತವೆ ತೂಗುಬಿಟ್ಟಿದ್ದರು. ನಡುವೆ ಮರಳು, ನಡುಹರಿವಿನ ನೀರು, ಮತ್ತೆ ಮರಳು. ಐನೂರು ಗಜಕ್ಕೆ ಕಡಿಮೆಯಿಲ್ಲ.

"ನಾ ಬ್ಯಾಟಿ ಬಿಟ್ಟು ಬಾಳ ವರ್ಷ ಆತು ಮಿಸ್ತ್ರಿ. ಆ ತವಿಗಿ ಹೊಡೀತೇನಿ, ಅಷ್ಟ. ಹೊಡದದ್ದು ಒಂದ ಜಾಗಕ್ಕ ಬೀಳಬೇಕು. ಗಾಳಿಗಿ ಸರೀಬಾರದು" ಎಂದರು.

ಗುಂಡು ತಾಗಿದರೆ ತವೆ ನಾದ ಕೊಡುತ್ತದೆ, ಆ ನಾದ ಹೊಳೆ ದಾಟಿ ನಿಧಾನವಾಗಿ ಬರುತ್ತದೆ ಎಂದು ವಿವರಿಸುತ್ತಿದ್ದರು. ಹಾಗೆ ಹೇಳುತ್ತಿರುವಾಗಲೇ ತವೆ ಬಾರಿಸಿತು. ಒಂದೇ ಸಲ, ಸ್ಪಷ್ಟವಾಗಿ. ಬಂದೂಕು ನನ್ನ ತೊಡೆಯ ಮೇಲಿತ್ತು. ಸುತ್ತ ಬೇರೆ ಯಾರೂ ಹೊಡೆದ ಸಪ್ಪಳವಿಲ್ಲ. ಗೌಡರು ಮಾತು ನಿಲ್ಲಿಸಿ ಕೇಳಿಸಿಕೊಂಡರು, ನಾದ ಪೂರ್ತಿ ಅಡಗಿದ ಮೇಲೆ ಬಿಟ್ಟ ಮಾತನ್ನು ಅಲ್ಲಿಂದಲೇ ಹಿಡಿದರು. ನಾನು ಕೇಳುವ ಧೈರ್ಯ ಮಾಡಲಿಲ್ಲ. ಕುರಿ ಕಾಯುವವರು ಕಲ್ಲೆಸೆದಿರಬೇಕು ಎಂದುಕೊಂಡೆ. ಆದರೆ ಆಚೆ ದಂಡೆಯಲ್ಲಿ ಕುರಿಯಿರಲಿಲ್ಲ.

ರೈಫಲ್ಲನ್ನೂ ಅವರು ಕೊಟ್ಟ ಗುಂಡುಗಳ ಪೆಟ್ಟಿಗೆಯನ್ನೂ ಜೋಳದ ಕಣಿಕೆಯ ಬಂಡಿಯಲ್ಲಿ ಹುದುಗಿಸಿಕೊಂಡು ಹೊರಟೆ. ಚೌಡಾಪುರದ ತಪಾಸಣೆ ನಾಕೆಯಲ್ಲಿ ಸಿಪಾಯಿ ಬಂಡಿಯ ಸುತ್ತ ತಿರುಗಿ ಬಂದ. ಕಣಿಕೆಯ ಮೇಲೆ ಕೈಯಿಟ್ಟ, ಯಾಕೋ ತೆಗೆದ. ಆಳಂದ ಮುಟ್ಟುವವರೆಗೂ ನಾನು ಹಿಂದೆ ತಿರುಗಿ ನೋಡುತ್ತಲೇ ಇದ್ದೆ.

ಉಸ್ತಾದರು ಗಂಧಕ ಹೊಯ್ದು ನೋಡಿದರು. ಚೇಂಬರಿನ ಮುಂದೆ ಗುಂಡು ಗೆರೆಗಳನ್ನು ಹಿಡಿಯುವ ಮೊದಲು ಸಿಗುವ ಜಾಗಕ್ಕೆ ನಾವು ಗಂಟಲು ಎನ್ನುತ್ತಿದ್ದೆವು. ಅದು ಬೆಂಕಿಗೆ ಸವೆದು ಉದ್ದವಾಗಿತ್ತು. ನಳಿಗೆಯ ಹಿಂತುದಿಯನ್ನು ಸ್ವಲ್ಪ ಕತ್ತರಿಸಿ, ಚೇಂಬರನ್ನು ಮುಂದಕ್ಕೆ ತಂದು, ಹೊಸದಾಗಿ ಕೊರೆಯಬೇಕು. ಕೊರೆಯುವ ಮೊದಲು ಯಾವ ಗುಂಡು ಎಂದು ನಿರ್ಧಾರವಾಗಬೇಕು, ಯಾಕೆಂದರೆ ಗಂಟಲಿನ ಉದ್ದ ಗುಂಡಿನ ಮೂತಿಗೆ ತಕ್ಕಂತೆ ಇರುತ್ತದೆ. ನನ್ನ ಮನಸ್ಸಿನಲ್ಲಿ ಉತ್ತರ ಸಿದ್ಧವಿತ್ತು: ಉದ್ದನೆಯ, ಭಾರವಾದ, ಚೂಪು ಮೂತಿಯ ಗಟ್ಟಿ ಗುಂಡು. ಅಂಥದ್ದನ್ನು ಗಾಳಿ ಅಷ್ಟು ಸುಲಭವಾಗಿ ಸರಿಸುವುದಿಲ್ಲ.

ಉಸ್ತಾದರು ಗೌಡರ ಪೆಟ್ಟಿಗೆಯನ್ನು ತೆರೆದರು. ಒಂದು ಗುಂಡನ್ನು ಉಗುರಿನಿಂದ ಕೆರೆದು ಬೆಳಕಿಗೆ ಹಿಡಿದರು. ಮೊಂಡು ಮೂತಿ, ತುದಿಯಲ್ಲಿ ತಾಮ್ರದ ಹೊದಿಕೆಯಿಲ್ಲ, ಬರೀ ಸೀಸ.

"ಇದು ಮೆತ್ತನ ಮೂತಿದು. ಇಂವ ಏನ್ ಹೊಡೀತೇನಿ ಅಂದ?"

"ತವಿ ಅಂದಾರ್ರಿ, ಉಸ್ತಾದ್ರೇ."

"ಕಬ್ಬಿಣಕ್ಕ ಯಾರರೆ ಮೆತ್ತನ ಗುಂಡು ಬೇಡ್ತಾರೇನು?"

ಮೆತ್ತನೆ ಮೂತಿಯ ಗುಂಡು ಮಾಂಸದೊಳಗೆ ಹೊಕ್ಕು ಅರಳುತ್ತದೆ. ಅದು ಇರುವುದೇ ಅದಕ್ಕೆ. ಉಸ್ತಾದರು ಬಹಳ ಹೊತ್ತು ಆ ಗುಂಡನ್ನು ಅಂಗೈಯಲ್ಲಿ ಹೊರಳಿಸುತ್ತ ಕೂತರು. ಕೆಲಸ ಬೇಡವೆಂದರೆ ಗೌಡರು ಬೇರೆ ಕಡೆ ಮಾಡಿಸುತ್ತಾರೆ, ಆಗ ಅಲ್ಲಿ ಏನಾಗುತ್ತದೆಂದು ನಮಗೆ ತಿಳಿಯುವುದೂ ಇಲ್ಲ. ಕೊನೆಗೆ ಅವರೊಂದು ದಾರಿ ಹುಡುಕಿದರು. "ಚೂಪು ಗುಂಡಿಗಿ ಕೊರಿ. ಗಂಟಲು ಗಿಡ್ಡ ಇಡು. ಈ ಮೊಂಡಂದು ಗೆರಿಗಿ ಮೊದ್ಲ ಬಡದು ನಿಲ್ತದ, ಬೋಲ್ಟು ಮುಚ್ಚಂಗಿಲ್ಲ. ಅದು ಮುಚ್ಚದಾಗ ಅವನ ಮಾರಿ ನೋಡು. ಅಂವ ಖರೇ ಹೇಳೋ ಮಟ ಬೋಲ್ಟು ಅವನ ಹತ್ರ ಬಿಟ್ಟು ಬರಬ್ಯಾಡ."

ಅಷ್ಟು ಚೆಂದದ ಚೇಂಬರನ್ನು ನಾವು ಮತ್ತೆಂದೂ ಕೊರೆಯಲಿಲ್ಲ. ಒಂದೊಂದು ಸುತ್ತಿಗೂ ಕೊರೆಯುವ ರೀಮರನ್ನು ಹೊರತೆಗೆದು, ಎಣ್ಣೆ ಒರೆಸಿ, ಮಸಿ ಹಿಡಿದು ನೋಡಿ ಮತ್ತೆ ಕೊರೆದೆವು. ತೋಟಾದ ಕತ್ತಿನ ಸುತ್ತ ಕಾಗದದಷ್ಟು ಸಂದು. ಚೂಪು ಗುಂಡು ಗೆರೆಗೆ ಮೂತಿ ತಾಗಿಸಿಯೂ ತಾಗಿಸದಂತೆ ನಿಲ್ಲುತ್ತಿತ್ತು. ಆಳಂದದ ಹೊರಗಿನ ಕಲ್ಲುಗಣಿಯಲ್ಲಿ ಹೊಡೆದು ನೋಡಿದರೆ ಗುಂಡುಗಳೆಲ್ಲ ಒಂದು ಬೋರೆಹಣ್ಣಿನಷ್ಟು ಜಾಗದಲ್ಲಿ ಸೇರಿದವು. ಖುಷಿಪಡಬೇಕಾದ ಕೆಲಸ. ಅದನ್ನು ನೋಡಿ ಉಸ್ತಾದರು ಎದ್ದು ಮನೆಗೆ ನಡೆದರು.

ಎರಡನೆಯ ಸಲ ಹೋದಾಗ ಬಿಸಿಲು ಏರಿತ್ತು. ಗೌಡರು ನನ್ನನ್ನು ನೇರವಾಗಿ ದಿಬ್ಬಕ್ಕೆ ಕರೆದೊಯ್ದರು. ಮೆತ್ತನೆ ಗುಂಡಿನ ತೋಟಾ ಹಾಕಿ ಬೋಲ್ಟು ಒತ್ತಿದರು. ಮುಚ್ಚಲಿಲ್ಲ. ಮತ್ತೆ ಒತ್ತಿದರು. ನಾನು ಅವರ ಮುಖ ನೋಡಿದೆ. ಸಿಟ್ಟಿರುತ್ತದೆ ಎಂದುಕೊಂಡಿದ್ದೆ. ಸಿಟ್ಟಿರಲಿಲ್ಲ. ಹೆದರಿದ ಮಗುವಿನ ಮುಖವಿತ್ತು.

"ಇದು ತವಿಗಿ ಕೊರದದ್ದು, ಗೌಡ್ರೇ. ನೀವು ಯಾರ್ನ ಹೊಡೀತೀರಿ, ಹೇಳ್ರಿ" ಎಂದೆ.

ಅವರು ದುರ್ಬೀನನ್ನು ನನ್ನ ಕಡೆ ಸರಿಸಿದರು. "ನೀವ ನೋಡ್ರಿ."

ಬೇವಿನ ಮರ ಕಂಡಿತು, ತವೆ ಕಂಡಿತು. ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿದ್ದ. ಕಪ್ಪು ಕೋಟು, ಹಳದಿ ರುಮಾಲು. ರುಮಾಲಿನ ಸೆರಗು ಮುಖಕ್ಕೆ ಅಡ್ಡವಿತ್ತು. ಅಲುಗದೆ ನಮ್ಮ ಕಡೆಗೇ ನಿಂತಿದ್ದ. ಕಾದ ಮರಳಿನ ಮೇಲೆ ಬಿಸಿಲಿನ ಅಲೆಗಳು ಏಳುತ್ತಿದ್ದವು, ಅದರಲ್ಲಿ ಅವನ ಪಾದಗಳೇ ಕಾಣುತ್ತಿರಲಿಲ್ಲ. ನೆಲದಿಂದ ಒಂದು ಮೊಳ ಮೇಲೆ ನಿಂತಂತಿದ್ದ. ಬಿಸಿಲಲೆ ಹೀಗೆ ಬಿಂಬವನ್ನು ಎತ್ತುತ್ತದೆ, ದೂರ ಹೊಡೆಯುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದು ನಾನೇ ಎಷ್ಟೋ ಜನಕ್ಕೆ ಹೇಳಿದ್ದೆ. ಆದರೂ ಕಣ್ಣು ತೆಗೆದುಬಿಟ್ಟೆ.

"ಅದು ನನ್ನ ತಮ್ಮ ಶಿವಶರಣನ ಕೋಟು. ಅವನ ರುಮಾಲು. ಒಳಗಿರಾಂವ ಮಾತ್ರ ಅವ ಅಲ್ಲ" ಎಂದರು ಗೌಡರು. "ನನ್ನ ತಮ್ಮ ಹಂಗ ನಿಂದ್ರಂಗಿಲ್ಲ. ದಿನಾ ಬರ್ತದ, ತವಿ ಬಾರಸ್ತದ, ನನ್ನ ನೋಡ್ತದ. ಒಮ್ಮಿ ಹೊಡದೆ, ತಪ್ಪಿತು. ಅದು ಅಲುಗಲಿಲ್ಲ. ಮನುಷ್ಯಾ ಆಗಿದ್ರ ಓಡತಿದ್ದ."

ನಾನು ಬೋಲ್ಟನ್ನು ಎಳೆದು ತೆಗೆದುಕೊಂಡೆ. ಎಣ್ಣೆ ಹಚ್ಚಿ ತರುತ್ತೇನೆ ಎಂದೆ. ಗೌಡರು ತಡೆಯಲಿಲ್ಲ.

ವಾಡೆಯ ಹಿತ್ತಲಲ್ಲಿ ಗೌಡರ ಹೆಂಡತಿ ನೀಲಮ್ಮ ಸಿಕ್ಕರು. ನಾನು ಕೇಳುವ ಮೊದಲೇ ಹೇಳತೊಡಗಿದರು. ಮೈದುನ ಶಿವಶರಣ ಹೋದ ಮಳೆಗಾಲದಲ್ಲಿ ಊರಿನ ಹೆಂಗಸರು ಮಕ್ಕಳನ್ನು ಆಚೆ ದಂಡೆಗೆ ಮುಟ್ಟಿಸಲು ಹೋದವನು ತಿರುಗಿ ಬರಲಿಲ್ಲ. ಅಣ್ಣ ತಮ್ಮ ಇಬ್ಬರೂ ಆ ಕಟ್ಟೆಯ ಮೇಲೆ ಕೂತೇ ಗುರಿ ಹೊಡೆಯುತ್ತಿದ್ದರು. ತಮ್ಮ ಎಡಕ್ಕೆ ಕೂತು ದುರ್ಬೀನಿನಲ್ಲಿ ಗಾಳಿ ನೋಡಿ ಹೇಳುವುದು, ಅಣ್ಣ ಹೊಡೆಯುವುದು.

"ಹೊಳಿ ಈಗ ಇಳದದಲ್ಲ, ಅಕ್ಕಾರೇ. ಗೌಡ್ರು ಹೋಗಿ ನೋಡಬೌದಲ್ರಿ?"

"ಆಳು ಕಳಿಸಿದ್ವಿ ತಮ್ಮಾ. ಮರಳಿಗಿ ಇಳದ್ರ ಸಾಕು, ಅಲ್ಲಿ ಯಾರೂ ಇರಂಗಿಲ್ಲ. ತಾವಾಗೇ ಹೋಗ್ರಿ ಅಂದ್ರ ಇವರು ಒಲ್ಲೆ ಅಂತಾರ. ಹೋದ್ರ ತಮ್ಮ ಇಲ್ಲ ಅಂತ ಗೊತ್ತಾಗಿಬಿಡ್ತದಲ್ಲ, ಅದಕ್ಕ." ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡರು. "ನೀ ಆ ಬಂದೂಕು ಅವರಿಗಿ ಕೊಡಬ್ಯಾಡ. ನಿನ್ನ ಕಾಲಿಗಿ ಬೀಳ್ತೇನಿ."

ಘತ್ತರಗಿಯ ಭಾಗ್ಯವಂತಿ ದೇವಿಗೆ ಆಚೆ ಕಡೆಯಿಂದ ಬಂದ ಭಕ್ತರು ಮಧ್ಯಾಹ್ನ ಮರಳುತ್ತಾರೆಂದು ಗೊತ್ತಿತ್ತು. ಮರುದಿನ ಆಚೆಯವನಿಗೆ ಸಂಶಯ ಬಾರದಂತೆ ನಾನು ಅವರ ಗುಂಪಿನಲ್ಲಿ ಸೇರಿಕೊಂಡೆ. ಬೋಲ್ಟನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿದ್ದೆ. ನೀರು ಎದೆಮಟ್ಟ ಬಂದ ಕಡೆ ಒಬ್ಬ ಮುದುಕಿ ನನ್ನ ಹೆಗಲು ಹಿಡಿದು ದಾಟಿದಳು. ಆಚೆಗೆ ಹೋಗಿ, ಜಾಲಿಪೊದೆಗಳ ಹಿಂದಿನಿಂದ ದಂಡೆ ಹಿಡಿದು ನಡೆದು, ಬೇವಿನ ಮರಕ್ಕೆ ಬೆನ್ನ ಕಡೆಯಿಂದ ಬಂದೆ.

ಅವನು ಅಲ್ಲೇ ಇದ್ದ. ಪಾದಗಳು ನೆಲದ ಮೇಲಿದ್ದವು, ಬಿರುಕು ಬಿಟ್ಟ ಪಾದಗಳು. ನನ್ನ ಹೆಜ್ಜೆ ಕೇಳಿ ತಿರುಗಿದಾಗ ಸೆರಗು ಜಾರಿತು. ಗಡ್ಡ ಬೆಳೆದ, ಊಟವಿಲ್ಲದ ಮುಖ. ಓಡಲು ಹೊರಟವನ ತೋಳು ಹಿಡಿದೆ. ಕೋಟಿನೊಳಗೆ ತೋಳು ಬರೀ ಎಲುಬು.

"ಹೊಡೀಬ್ಯಾಡ್ರಿ. ನಾ ಅಂಬಿಗರ ಹಣಮಂತ" ಎಂದ.

ಶಿವಶರಣ ಹೆಂಗಸರು ಮಕ್ಕಳನ್ನು ದಾಟಿಸಿದ್ದು ಹಣಮಂತನ ಹರಗೋಲಿನಲ್ಲೇ. ಹೋದ ಮಳೆಗಾಲದಲ್ಲಿ ಶಿವಶರಣನನ್ನು ಕೂರಿಸಿಕೊಂಡು ಈಚೆ ದಂಡೆಗೆ ಮರಳುವಾಗ ನಡುಹೊಳೆಯಲ್ಲಿ ಸುಳಿಗೆ ಸಿಕ್ಕು ಮಗುಚಿತು. ಇವನು ಕೋಟಿನ ಕಾಲರು ಹಿಡಿದಿದ್ದ. ಕೋಟು ಕೈಯಲ್ಲುಳಿಯಿತು, ಮನುಷ್ಯ ಹೋದ. ರುಮಾಲು ಕೆಳಗೆ ಪೊದೆಗೆ ಸಿಕ್ಕಿಕೊಂಡಿತ್ತು. ಅಣ್ಣನ ಮುಂದೆ ನಿಂತು ಈ ಸುದ್ದಿ ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಬಟ್ಟೆ ತೊಟ್ಟು ಇಲ್ಲಿ ನಿಂತರೆ ಗೌಡರು ಗುರುತು ಹಿಡಿದು ಕೂಗುತ್ತಾರೆ, ಕೂಗಿದರೆ ಹೋಗಿ ಕಾಲು ಹಿಡಿಯೋಣ ಎಂದು ಬಂದಿದ್ದ. ಆಳುಗಳು ಬಂದರೆ ಹೆದರಿ ಪೊದೆಯಲ್ಲಿ ಅಡಗುತ್ತಿದ್ದ.

"ಮತ್ತ ಇಷ್ಟ್ ದಿನಾ ಯಾಕ ಸುಮ್ಮ ನಿಂತಿ? ಒಮ್ಮಿ ಗುಂಡು ಹಾರಿತಲ್ಲ?"

"ತಲಿ ಮ್ಯಾಲ ಗಿಡಕ್ಕ ಬಡೀತ್ರಿ. ಬಡದ್ರ ಬಡೀಲಿ ಅಂತ ನಿಂತೆ. ಖರೆ, ನಾ ನಿಂತದ್ದು ಅದಕ್ಕಲ್ರಿ." ಅವನ ದನಿ ಇಳಿಯಿತು. "ಮೊದಲ್ನೇ ದಿನಾನೇ ನೋಡಿದೆ. ಕಟ್ಟಿ ಮ್ಯಾಲ ಇಬ್ರು ಕುಂತಿದ್ರು. ಗೌಡ್ರು, ಬಾಜೂಕ ಸಣ್ಣ ಗೌಡ್ರು. ಸಣ್ಣ ಗೌಡ್ರು ಮನಿ ಮುಟ್ಯಾರ ಅಂದ್ರ ನನ್ನ ಕಣ್ಣ ಮುಂದ ಮುಳುಗಿದಾಂವ ಯಾಂವ್ರಿ? ನನಗ ತಲಿ ಕೆಟ್ಟದ ಅಂತ ದಿನಾ ಬಂದು ನೋಡ್ತೇನಿ. ದಿನಾ ಇಬ್ರ ಇರ್ತಾರ."

"ತವಿ ಯಾಕ ಬಾರಸ್ತಿ?"

"ನಾ ಅದನ್ನ ಮುಟ್ಟೇ ಇಲ್ರಿ."

ನಾವು ತವೆಯಿಂದ ಎರಡು ಮಾರು ದೂರದಲ್ಲಿದ್ದೆವು. ಗಾಳಿ ನಿಂತಿತ್ತು, ಬೇವಿನ ಎಲೆ ಅಲುಗುತ್ತಿರಲಿಲ್ಲ. ಆಗ ತವೆ ಬಾರಿಸಿತು. ಗುಂಡು ಬಡಿದಾಗ ಹೇಗೋ ಹಾಗೆ ಹಿಂದಕ್ಕೆ ಚಿಮ್ಮಿ, ಸರಪಳಿಯಲ್ಲಿ ತಿರುಗಿ, ನಿಧಾನವಾಗಿ ನಿಂತಿತು. ಬೋಲ್ಟು ನನ್ನ ಸೊಂಟದಲ್ಲಿ ಎಲುಬಿಗೆ ಒತ್ತುತ್ತಿತ್ತು. ಬಿಸಿಲಿಗೆ ಕಾದ ಕಬ್ಬಿಣ ಸದ್ದು ಮಾಡುತ್ತದೆ ಎನ್ನುತ್ತಾರೆ. ನಾನು ಜೀವಮಾನವೆಲ್ಲ ಕಬ್ಬಿಣದ ಜೊತೆ ಕಳೆದವನು, ಹಾಗೆ ಸದ್ದು ಮಾಡಿದ ಕಬ್ಬಿಣವನ್ನು ಮತ್ತೆ ನೋಡಿಲ್ಲ.

ಹಣಮಂತ ಹೊಳೆಯ ಕಡೆ ಕೈ ತೋರಿಸಿದ. ದಿಬ್ಬದ ಮೇಲೆ, ಕಲ್ಲಿನ ಮೇಜಿನ ಹಿಂದೆ ಬಿಳಿಯ ಆಕಾರವೊಂದು ಕೂತಿತ್ತು. ಅದು ಗೌಡರು. ಅವರ ಎಡಕ್ಕೆ, ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ, ಇನ್ನೊಂದು ಆಕಾರ ತಲೆ ಬಗ್ಗಿಸಿ ಕೂತಿತ್ತು, ದುರ್ಬೀನಿನೊಳಗೆ ನೋಡುವವರು ಕೂರುವಂತೆ. ಬಿಸಿಲಲೆ ಒಂದನ್ನು ಎರಡಾಗಿ ತೋರಿಸುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗಾದರೆ ಕಲ್ಲಿನ ಮೇಜೂ ಎರಡಾಗಬೇಕಿತ್ತು. ಮೇಜು ಒಂದೇ ಇತ್ತು.

"ನಡಿ, ನೀನೇ ಹೇಳು. ನಾ ನಿನ್ನ ಜೋಡಿ ಬರ್ತೇನಿ. ಬಂದೂಕು ಹಾರಂಗಿಲ್ಲ, ಅದರ ಬೋಲ್ಟು ನನ್ನ ಹತ್ರ ಅದ" ಎಂದೆ.

ಅವನು ಕೋಟು ಮತ್ತು ರುಮಾಲನ್ನು ತಲೆಯ ಮೇಲೆ ಹೊತ್ತುಕೊಂಡು ನೀರಿಗಿಳಿದ. ನಾವು ನೇರವಾಗಿ ದಾಟಿದೆವು. ದಾಟುವಾಗ ನಾನು ದಿಬ್ಬದ ಕಡೆ ನೋಡಲಿಲ್ಲ, ಅವನು ನೋಡುತ್ತಲೇ ಬಂದ.

ದಿಬ್ಬ ಹತ್ತಿದಾಗ ಗೌಡರು ಕಟ್ಟೆಯ ಬಲತುದಿಯಲ್ಲಿ ಒಬ್ಬರೇ ಕೂತಿದ್ದರು. ಬೋಲ್ಟಿಲ್ಲದ ಬಂದೂಕು ಮರಳುಚೀಲದ ಮೇಲಿತ್ತು. ಹಣಮಂತ ಕೋಟನ್ನು ಅವರ ಪಾದದ ಬಳಿ ಇಟ್ಟು, ತಲೆ ಎತ್ತದೆ, ಸುಳಿಯಿಂದ ಹಿಡಿದು ಎಲ್ಲವನ್ನೂ ಹೇಳಿದ. ನೀಲಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಕೇಳಿದರು. ಗೌಡರು ಕೋಟನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು, ಹರಿದ ಕಾಲರನ್ನು ಬೆರಳಿನಿಂದ ಸವರಿದರು.

"ಏನರೆ ಅಂದನೇನು ಅಂವ?"

"ಅಣ್ಣ ಕಾಯಾಕತ್ತಾನ, ಲಗು ಹುಟ್ಟು ಹಾಕು ಅಂದ್ರಿ. ಅಷ್ಟ."

ಗೌಡರು ಅತ್ತರು. ಸಣ್ಣ ದನಿಯಲ್ಲೇ ಅತ್ತರು. ನೀಲಮ್ಮ ಬಂದು ಅವರ ಹಿಂದೆ ನಿಂತರು. ಹಣಮಂತ ಕೈ ಮುಗಿದುಕೊಂಡು ನಿಂತೇ ಇದ್ದ. ಸಾವರಿಸಿಕೊಂಡ ಮೇಲೆ ಗೌಡರಿಗೆ ಅದು ಕಂಡಿತು. ಅವನ ಮೇಲೆ ಅವರಿಗೆ ದ್ವೇಷವಿರಲಿಲ್ಲ. ಎಡಗಡೆಯ ಖಾಲಿ ಕಲ್ಲನ್ನು ತಟ್ಟಿ, "ಕುಂದರು ಹಣಮಂತ. ನಿನ್ನ ತಪ್ಪೇನದ, ಕುಂದರು" ಎಂದರು.

ಹಣಮಂತ ಆ ಜಾಗವನ್ನು ನೋಡಿದ. ಒಂದು ಹೆಜ್ಜೆ ಹಿಂದಕ್ಕೆ ಸರಿದು ನೆಲದ ಮೇಲೆ ಕೂತ.

"ಅಲ್ಲಿ ಹ್ಯಾಂಗ ಕುಂದರ್ಲ್ರಿ ಧಣಿ" ಎಂದ. "ಅವರು ಇನ್ನಾ ಎದ್ದಿಲ್ಲ."

ಗೌಡರು ಪಕ್ಕಕ್ಕೆ ತಿರುಗಿ ನೋಡಲಿಲ್ಲ. ಹೊಳೆಯ ಕಡೆಗೇ ಕಣ್ಣಿಟ್ಟುಕೊಂಡು, ದಿನಾಲೂ ಕೇಳುವ ಮಾತಿನಂತೆ ಮೆಲ್ಲಗೆ ಕೇಳಿದರು: "ಗಾಳಿ ಹ್ಯಾಂಗದೋ, ಶಿವಶರಣಾ?"

ಅದು ನಮ್ಮನ್ನು ಕೇಳಿದ್ದಲ್ಲ. ಅವರು ಕಿವಿಗೊಟ್ಟು ಕೂತರು, ಉತ್ತರ ಬಂದವರಂತೆ ತಲೆಯಾಡಿಸಿದರು. ಆಮೇಲೆ ಬಂದೂಕನ್ನು ಚೀಲದ ಮೇಲಿಂದ ಎತ್ತಿ, ಇನ್ನು ಇದು ಬೇಡ ಎಂಬಂತೆ ನನ್ನ ಕೈಗೆ ಕೊಟ್ಟರು.